ಬ್ರ್ಯಾಂಡ್ ಆಗಬಲ್ಲ ಡೊಮೈನ್ ಹೆಸರು ಮಾರುವುದು ಹೇಗೆ? ಕೊಳ್ಳುವ ಮೊದಲಿನಿಂದ ದುಡ್ಡು ಬ್ಯಾಂಕಿಗೆ ಬರುವವರೆಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಒಂದೇ ಥರ. “ಅಕ್ಕಾ, 30 ಡೊಮೈನ್ ತೆಗೆದಿಟ್ಟಿದ್ದೇನೆ. ಮಾರ್ಕೆಟ್‌ಪ್ಲೇಸ್‌ಗೆ ಕಳಿಸಿದ್ದೆಲ್ಲ ರಿಜೆಕ್ಟ್ ಆಯ್ತು. ಇನ್ನೇನು ಮಾಡುವುದು?” ಡೊಮೈನ್ ಅಂದರೆ ಇಂಟರ್ನೆಟ್ ತಾಣದ ವಿಳಾಸವಾಗುವ ಹೆಸರು, ಮಾರ್ಕೆಟ್‌ಪ್ಲೇಸ್ ಅಂದರೆ ಅಂಥ ಹೆಸರುಗಳನ್ನು ಮಾರಲು ಇಡುವ ಆನ್‌ಲೈನ್ ಸಂತೆ. ಅವರ ಪಟ್ಟಿ ತರಿಸಿ ನೋಡಿದರೆ ತಪ್ಪೂ ಒಂದೇ ಆಗಿರುತ್ತದೆ. ಕೊಳ್ಳುವ ಮೊದಲು ಮಾಡಬೇಕಾದ ಕೆಲಸವನ್ನು ಕೊಂಡ ಮೇಲೆ ಮಾಡಿರುತ್ತಾರೆ, ಇಲ್ಲವೇ ಮಾಡಿಯೇ ಇರುವುದಿಲ್ಲ.

ಹಾಗಾಗಿ ಇಲ್ಲಿ ಕೆಲಸದ ಕ್ರಮದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಹತ್ತು ಹಂತಗಳಿವೆ. ಮೊದಲ ಐದು ಹಂತ ಮುಗಿಯುವ ತನಕ ಒಂದು ಡೊಮೈನನ್ನೂ ಕೊಳ್ಳಬೇಡಿ.

ಬ್ರ್ಯಾಂಡ್ ಆಗಬಲ್ಲ ಹೆಸರು ಅಂದರೆ, ಹೊಸ ಕಂಪನಿಯೊಂದು ತನ್ನ ಹೆಸರಾಗಿ ಇಟ್ಟುಕೊಳ್ಳಬಹುದಾದ ಚಿಕ್ಕ, ಹೇಳಲು ಸುಲಭವಾದ ಹೆಸರು. “ಕಾಸರಗೋಡು ಅಡಿಕೆ ವ್ಯಾಪಾರ ಡಾಟ್ ಕಾಮ್” ಆ ಜಾತಿಗೆ ಸೇರುವುದಿಲ್ಲ. ಅದು ಬರೀ ವಿವರಣೆ. ಇಲ್ಲಿ ಹೇಳುತ್ತಿರುವುದು ಮೊದಲ ಬಗೆಯ ಹೆಸರುಗಳ ಬಗ್ಗೆ ಮಾತ್ರ.

## ಹಂತ 1: ದುಡ್ಡು ಬರುವ ದಾರಿಯನ್ನು ಮೊದಲು ಸರಿಮಾಡಿ

ಎಲ್ಲರೂ ಇದನ್ನು ಕೊನೆಗೆ ಇಡುತ್ತಾರೆ. ಹೆಸರು ಮಾರಾಟವಾಗಿ, ಹಣ ಮಾರ್ಕೆಟ್‌ಪ್ಲೇಸ್‌ನಲ್ಲಿ ಸಿಕ್ಕಿಬಿದ್ದ ಮೇಲೆ ದಾಖಲೆ ಹುಡುಕಲು ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ.

ನಮ್ಮ ಗಡಿನಾಡಿನಲ್ಲಿ ಈ ತೊಂದರೆ ಸ್ವಲ್ಪ ಜಾಸ್ತಿಯೇ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್ ಇರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಆ ಇನಿಶಿಯಲ್ ಬಿಡಿಸಿ ಮನೆ ಹೆಸರೋ ಅಪ್ಪನ ಹೆಸರೋ ಆಗಿರುತ್ತದೆ. ಬ್ಯಾಂಕಿನಲ್ಲಿ ಇನಿಶಿಯಲ್ಲೇ ಇರುವುದಿಲ್ಲ. ಇದರ ಮೇಲೆ ಸ್ಪೆಲಿಂಗ್ ಬೇರೆ. ಒಂದು ಕಡೆ ತ-ಕ್ಕೆ ಬರೀ ಟಿ, ಇನ್ನೊಂದು ಕಡೆ ಟಿ-ಎಚ್. ಊರಿನ ಹೆಸರೂ ಹಾಗೆಯೇ, ಒಂದು ದಾಖಲೆಯಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಇವರೆಲ್ಲ ಒಬ್ಬರೇ ಎಂದು ನಮಗೆ ಗೊತ್ತು. ಹೊರದೇಶದ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಪ್ಯಾನ್, ಬ್ಯಾಂಕ್ ಖಾತೆ, ಪೇಪಾಲ್ ಅಥವಾ ಪಯೋನಿಯರ್ (ಹೊರದೇಶದ ಹಣ ತರಿಸುವ ಸೇವೆಗಳು) ಖಾತೆ, ಮಾರ್ಕೆಟ್‌ಪ್ಲೇಸ್ ಖಾತೆ, ಈ ನಾಲ್ಕರಲ್ಲೂ ಹೆಸರು ಅಕ್ಷರ ಅಕ್ಷರ ಒಂದೇ ಇರಲಿ. ಪ್ಯಾನ್ ತಿದ್ದಿಸಬೇಕಿದ್ದರೆ ಈಗಲೇ ಅಕ್ಷಯ ಕೇಂದ್ರಕ್ಕೆ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ ಅರ್ಜಿ ಹಾಕಿ.

ಪೇಪಾಲ್ ಭಾರತದಲ್ಲಿ 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ. ಹೊರದೇಶದ ಜೊತೆಗಿನ ಪಾವತಿಗೆ ಮಾತ್ರ ಬಳಸಬಹುದು. ಅದರಲ್ಲಿ ಪರ್ಪಸ್ ಕೋಡ್ ಎಂಬ ಒಂದು ಆಯ್ಕೆ ಇದೆ, ಬಂದ ಹಣ ಯಾವುದಕ್ಕೆ ಎಂದು ಹೇಳುವುದು. ಅದನ್ನು ಖಾಲಿ ಬಿಟ್ಟರೆ ಹಣ ಮುಂದಕ್ಕೆ ಬರುವುದಿಲ್ಲ. ಅಮೆರಿಕದ ಮಾರ್ಕೆಟ್‌ಪ್ಲೇಸ್‌ಗಳು ಡಬ್ಲ್ಯು-8ಬೆನ್ ಎಂಬ ಫಾರ್ಮ್ ತುಂಬಿಸುತ್ತವೆ. ನೀವು ಅಮೆರಿಕದವರಲ್ಲ, ಅಲ್ಲಿನ ತೆರಿಗೆ ನಿವಾಸಿ ಅಲ್ಲ ಎಂದು ಬರೆದುಕೊಡುವ ಕಾಗದ ಅದು. ಹೆದರಬೇಕಾಗಿಲ್ಲ. ಸಹಿ ಮಾಡಿದ ವರ್ಷ ಕಳೆದು ಮೂರನೇ ವರ್ಷದ ಕೊನೆಯವರೆಗೆ ಅದು ನಡೆಯುತ್ತದೆ, ಆಮೇಲೆ ಹೊಸದು ಕೊಡಬೇಕು.

ಇನ್ನು ಕೊಳ್ಳುವ ಕಾರ್ಡ್. ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಆಫ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಸಣ್ಣ ಮಿತಿ ಇಟ್ಟುಕೊಳ್ಳಿ.

## ಹಂತ 2: ಕಾಗದದ ಮೇಲೆ ಲೆಕ್ಕ ಹಾಕಿ

ಈ ವ್ಯಾಪಾರದಲ್ಲಿ ಇರುವವರು ಹೇಳುವ ಒಂದು ಅಂದಾಜು ಇದೆ. ನೂರು ಒಳ್ಳೆಯ ಹೆಸರಿದ್ದರೆ ವರ್ಷಕ್ಕೆ ಒಂದೋ ಎರಡೋ ಮಾರಾಟವಾಗುತ್ತವೆ. ಒಳ್ಳೆಯ ಹೆಸರಿದ್ದರೆ, ನೆನಪಿರಲಿ.

ಈಗ ಲೆಕ್ಕ ನೋಡಿ. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ 2024ರ ಸೆಪ್ಟೆಂಬರ್‌ನಿಂದ ಒಂದು ಹೆಸರಿಗೆ ವರ್ಷಕ್ಕೆ 10.26 ಡಾಲರ್ ಸಗಟು ದರ ಮಾಡಿತು. ರಿಜಿಸ್ಟ್ರಾರ್‌ನ (ನಮಗೆ ಡೊಮೈನ್ ಮಾರುವ ಕಂಪನಿಯ) ಲಾಭ, ತೆರಿಗೆ ಸೇರಿ ನಮ್ಮ ಕೈಗೆ ಅದು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. 50 ಹೆಸರು ಇಟ್ಟುಕೊಂಡರೆ ವರ್ಷಕ್ಕೆ 50,000 ರೂಪಾಯಿ. ನೂರಕ್ಕೆ ಒಂದರ ಲೆಕ್ಕದಲ್ಲಿ 50 ಹೆಸರಲ್ಲಿ ಒಂದು ಮಾರಾಟವಾಗಲು ಎರಡು ವರ್ಷ ಬೇಕು. ಅಷ್ಟರಲ್ಲಿ ಒಂದು ಲಕ್ಷ ಖರ್ಚಾಗಿರುತ್ತದೆ. ಆ ಒಂದು ಹೆಸರು 2,000 ಡಾಲರಿಗೆ ಹೋಯಿತು, ಮಾರ್ಕೆಟ್‌ಪ್ಲೇಸ್ 30 ಶೇಕಡ ಕಮಿಷನ್ ಹಿಡಿಯಿತು ಎಂದುಕೊಳ್ಳಿ. ಉಳಿಯುವುದು 1,400 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 1,19,000. ಎರಡು ವರ್ಷ ಕಾದದ್ದಕ್ಕೆ ಸಿಕ್ಕಿದ್ದು 19,000 ರೂಪಾಯಿ, ಅದೂ ತೆರಿಗೆಗೆ ಮೊದಲು.

ಈ ಲೆಕ್ಕ ನೋಡಿ ಹಿಂದೆ ಸರಿದರೆ ತಪ್ಪಲ್ಲ. ಮುಂದೆ ಹೋಗುವವರು 10 ಹೆಸರಿನಿಂದ ಶುರು ಮಾಡಿ. ಎರಡು ವರ್ಷದ ರಿನ್ಯೂವಲ್ ದುಡ್ಡು ಬೇರೆ ತೆಗೆದಿಡಿ. ಆ ದುಡ್ಡು ಇಲ್ಲದೆ ಶುರು ಮಾಡಿದವರು ಮೊದಲ ವರ್ಷದ ಕೊನೆಗೆ ಒಳ್ಳೆಯ ಹೆಸರನ್ನೂ ಬಿಟ್ಟುಬಿಡುತ್ತಾರೆ.

## ಹಂತ 3: ಮಾರ್ಕೆಟ್‌ಪ್ಲೇಸ್ ಆರಿಸಿ, ಅಲ್ಲಿರುವುದನ್ನು ಓದಿ

ಮುಖ್ಯವಾಗಿ ಎರಡು ಬಗೆ ಇವೆ. ಸೆಡೊ, ಆಫ್ಟರ್ನಿಕ್ ಥರದವು ತೆರೆದ ಸಂತೆ. ಯಾವ ಹೆಸರನ್ನಾದರೂ ಹಾಕಬಹುದು. ಬ್ರ್ಯಾಂಡ್‌ಬಕೆಟ್, ಬ್ರ್ಯಾಂಡ್‌ಪಾ, ಆಟಂ ಥರದವು ಆರಿಸಿ ತೆಗೆದುಕೊಳ್ಳುವ ಕಡೆ. ಆಟಂ ಮೊದಲು ಸ್ಕ್ವಾಡ್‌ಹೆಲ್ಪ್ ಎಂಬ ಹೆಸರಲ್ಲಿ ಇತ್ತು, ಹಳೆಯ ವಿಡಿಯೋಗಳಲ್ಲಿ ಆ ಹೆಸರೇ ಕಾಣುತ್ತದೆ. ಆರಿಸಿ ತೆಗೆದುಕೊಳ್ಳುವ ಕಡೆ ಕಮಿಷನ್ ಜಾಸ್ತಿ. ಆದರೆ ಕಂಪನಿಗೆ ಹೆಸರು ಹುಡುಕುವವರೇ ಅಲ್ಲಿಗೆ ಬರುತ್ತಾರೆ, ಲೋಗೊ ಕೂಡ ಸಿಗುತ್ತದೆ.

ನಿಯಮದ ಪುಟದಲ್ಲಿ ನಾಲ್ಕು ವಿಷಯ ಹುಡುಕಿ ಬರೆದಿಟ್ಟುಕೊಳ್ಳಿ: ಕಮಿಷನ್ ಎಷ್ಟು, ಲಿಸ್ಟಿಂಗ್‌ಗೆ (ಹೆಸರನ್ನು ಮಾರಾಟಕ್ಕೆ ಹಾಕುವುದಕ್ಕೆ) ಶುಲ್ಕ ಇದೆಯೇ, ಬೇರೆ ಕಡೆ ಅದೇ ಹೆಸರು ಹಾಕಬಹುದೇ, ಹಿಂದಕ್ಕೆ ತೆಗೆಯಬೇಕಾದರೆ ಎಷ್ಟು ದಿನ ಕಾಯಬೇಕು.

ಆಮೇಲೆ ಒಂದು ವಾರ ಏನನ್ನೂ ಮಾಡದೆ ಅಲ್ಲಿನ ಹೆಸರುಗಳನ್ನು ಸುಮ್ನೆ ಓದಿ. ದಿನಕ್ಕೆ ಇನ್ನೂರು ಸಾಕು. ಬಾಯಿಬಿಟ್ಟು ಓದಿ. ನಾಲ್ಕನೇ ದಿನಕ್ಕೆ ಕಿವಿಗೆ ಒಂದು ಅಂದಾಜು ಹತ್ತುತ್ತದೆ. ಎಷ್ಟು ಅಕ್ಷರ, ಎಲ್ಲಿ ಸ್ವರ ಬರುತ್ತದೆ, ಯಾವ ಕೊನೆ ಹಳತಾಗಿದೆ, ಎಲ್ಲ ತಿಳಿಯುತ್ತದೆ. ಈ ವಾರವನ್ನು ಬಿಟ್ಟವರ ಪಟ್ಟಿ ನೋಡಿದ ತಕ್ಷಣ ನನಗೆ ಗೊತ್ತಾಗುತ್ತದೆ.

## ಹಂತ 4: ಹೆಸರು ಕಟ್ಟಿ, ಆಮೇಲೆ ಹೆಕ್ಕಿ

ಹೆಸರು ಕಟ್ಟಲು ಮೂರು ದಾರಿ ಸಾಕು. ಎರಡು ಚಿಕ್ಕ ಪದ ಸೇರಿಸುವುದು, ಫೇಸ್‌ಬುಕ್, ಪೇಪಾಲ್ ಇದ್ದ ಹಾಗೆ. ಅರ್ಥವೇ ಇಲ್ಲದ, ಆದರೆ ಬಾಯಿಗೆ ಬರುವ ಹೊಸ ಪದ ಹುಟ್ಟಿಸುವುದು, ಕೊಡಾಕ್ ಇದ್ದ ಹಾಗೆ. ನಮ್ಮ ಭಾಷೆಗಳ ಪದವೊಂದನ್ನು ತರುವುದು. ಪದದೊಳಗಿನ ಸ್ವರ ಕಿತ್ತುಹಾಕುವ ದಾರಿಯೂ ಇದೆ. ಫ್ಲಿಕರ್ ಕಂಪನಿ ಕೊನೆಯ ಆರ್ ಮುಂದಿನ ಇ ಬಿಟ್ಟಿದೆಯಲ್ಲ, ಹಾಗೆ. ಆದರೆ ಅಂಥ ಹೆಸರಿನವರು ಜೀವನವಿಡೀ ಸ್ಪೆಲಿಂಗ್ ಹೇಳುತ್ತಾ ಇರಬೇಕು. ನಾನಂತೂ ಆ ದಾರಿ ಬೇಡ ಎನ್ನುತ್ತೇನೆ.

ಅಳತೆ ಹೀಗಿರಲಿ: ಇಂಗ್ಲಿಷಿನ ಐದರಿಂದ ಹತ್ತು ಅಕ್ಷರ, ಉಚ್ಚಾರ ಎರಡು ಅಥವಾ ಮೂರು ತುಂಡಿನಲ್ಲಿ (ಸಿಲೆಬಲ್) ಮುಗಿಯಬೇಕು. ನಡುವೆ ಗೀಟು ಬೇಡ, ಅಂಕಿ ಬೇಡ. ಡಾಟ್ ಕಾಮ್ ಆಗಿರಲಿ. ಡಾಟ್ ಎಐ ಕೂಡ ಓಡುತ್ತಿದೆ, ಆದರೆ ಅದನ್ನು ಕನಿಷ್ಠ 2 ವರ್ಷಕ್ಕೆ ಕೊಳ್ಳಬೇಕು, ಬೆಲೆಯೂ ಜಾಸ್ತಿ. ಹೊಸಬರಿಗೆ ಬೇಡ. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಹೆಸರುಗಳೂ ಇವೆ. ಅವು ನನಗೆ ಇಷ್ಟ, ನನ್ನದೇ ಒಂದು ತಾಣಕ್ಕೆ ಇಟ್ಟುಕೊಳ್ಳಬಹುದು. ಮಾರುವುದಕ್ಕಲ್ಲ.

ಕನ್ನಡದ ಪದ ತರುವಾಗ ಇಂಗ್ಲಿಷ್ ಅಕ್ಷರದಲ್ಲಿ ಅದು ಹೇಗೆ ಕಾಣುತ್ತದೆ ಎಂದು ಬರೆದು ನೋಡಿ. “ಹೊಳೆ” ಎಷ್ಟು ಚೆಂದದ ಪದ! ಚಂದ್ರಗಿರಿ ದಂಡೆಯಲ್ಲಿ ಬೆಳೆದವರಿಗೆ ಅದರ ಬೆಲೆ ಹೇಳಬೇಕಾಗಿಲ್ಲ. ಆದರೆ ಎಚ್-ಓ-ಎಲ್-ಇ ಎಂದು ಬರೆದರೆ ಅಮೆರಿಕದವನು ಅದನ್ನು “ಹೋಲ್” ಎಂದು ಓದುತ್ತಾನೆ. ತೂತು. “ತೋಟ” ಬರೆಯಲು ಹೋದರೆ ಟಿ-ಯೋ ಟಿ-ಎಚ್‌ಓ, ಒಂದು ಓ ಇದೆಯೋ ಎರಡೋ, ಯಾರಿಗೂ ಖಚಿತ ಇಲ್ಲ. “ಸುರಂಗ” ನೋಡಿ. ಏಳು ಅಕ್ಷರ, ಬರೆದ ಹಾಗೆಯೇ ಓದಬಹುದು, ಒಂದೇ ಸ್ಪೆಲಿಂಗ್. ನಮ್ಮ ಗುಡ್ಡಗಳ ಕೆಂಪುಕಲ್ಲಿನೊಳಗೆ ಅಡ್ಡಕ್ಕೆ ಕೊರೆದು ನೀರು ತರಿಸುವ ಸುರಂಗಗಳ ಕಥೆಯೂ ಅದರ ಹಿಂದೆ ಇದೆ. ಹೆಸರಿನ ರಚನೆ ಹೀಗಿರಬೇಕು ಎಂದು ತೋರಿಸಲು ಇದನ್ನು ಹೇಳಿದೆ.

ನೂರು ಹೆಸರು ಬರೆಯಿರಿ. ಆಮೇಲೆ ಹೆಕ್ಕಿ. ಚಾಲಿ (ಒಣಗಿಸಿದ ಅಡಿಕೆ) ಹೆಕ್ಕುವವರನ್ನು ನೋಡಿದ್ದೀರಲ್ಲ? ಕರಿಗೋಟು ಒಂದು ಕಡೆ, ಪಟೋರ ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಎಲ್ಲ ಒಂದೇ ಗೋಣಿಗೆ ತುಂಬಿ ಅಂಗಡಿಗೆ ಒಯ್ದರೆ ಇಡೀ ಗೋಣಿಗೆ ಕೆಳಗಿನ ಧಾರಣೆಯೇ ಸಿಗುವುದು. ಮಾರ್ಕೆಟ್‌ಪ್ಲೇಸ್‌ನಲ್ಲೂ ಹಾಗೆಯೇ. ನೂರರಲ್ಲಿ 15 ಉಳಿದರೆ ನೀವು ಸರಿಯಾಗಿ ಹೆಕ್ಕಿದ್ದೀರಿ.

## ಹಂತ 5: ಕೊಳ್ಳುವ ಮೊದಲಿನ ನಾಲ್ಕು ಪರೀಕ್ಷೆ

ಇಡೀ ಕೆಲಸದ ಜೀವ ಇಲ್ಲಿದೆ. ಇಲ್ಲಿ ಆತುರ ಮಾಡಬೇಡಿ.

ಕಿವಿಯ ಪರೀಕ್ಷೆ. ಹೆಸರನ್ನು ಫೋನಿನಲ್ಲಿ ಒಂದೇ ಸಲ ಹೇಳಿ, ಎದುರಿನವರಿಗೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ನಾನು ತುಂಬಾ ಇಷ್ಟಪಟ್ಟಿದ್ದ ಒಂದು ಹೆಸರನ್ನು ಹಿಡಿದುಕೊಂಡು ಭಾವನ ಅಂಗಡಿಗೆ ಹೋಗಿದ್ದೆ. “ಭಾವಾ, ಒಂದು ಪದ ಹೇಳುತ್ತೇನೆ, ಹಾಗೇ ಬರೀರಿ” ಅಂದೆ. ಅವರು ಬಿಲ್ಲಿನ ಹಿಂದೆ ಸಿ ಹಾಕಿ ಬರೆದರು. ಅಂಗಡಿಯ ಹುಡುಗ ಕೆ ಹಾಕಿದ. ಸಾಮಾನಿಗೆ ಬಂದಿದ್ದ ಟೀಚರ್ ಒಬ್ಬರು ಕೆ ಹಾಕಿ, ಕೊನೆಯಲ್ಲಿ ಎರಡು ಇ ಬರೆದರು. ನಾಲ್ಕನೆಯವರು ಕ್ಯೂ ಇಂದ ಶುರು ಮಾಡಿದರು. ಒಂದು ಹೆಸರಿಗೆ ನಾಲ್ಕು ಬರಹ! ಕೊಂಡವನ ಗಿರಾಕಿಗಳು ನಾಲ್ಕು ಬೇರೆ ಬೇರೆ ತಾಣಕ್ಕೆ ಹೋಗುತ್ತಾರೆ. ಆ ಬಿಲ್ಲು ನನ್ನ ಹತ್ತಿರ ಇನ್ನೂ ಇದೆ. ಐವರಲ್ಲಿ ನಾಲ್ವರು ಸರಿ ಬರೆದರೆ ಮಾತ್ರ ಹೆಸರನ್ನು ಇಟ್ಟುಕೊಳ್ಳಿ.

ಅರ್ಥದ ಪರೀಕ್ಷೆ. ಇದರಲ್ಲಿ ಕಾಸರಗೋಡಿನವರು ಅದೃಷ್ಟವಂತರು. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು, ಒಂದೇ ಬಸ್ಸಿನಲ್ಲಿ ಎಲ್ಲ ಸಿಗುತ್ತವೆ. ನಮಗೆ “ಪಟ್ಟಿ” ಅಂದರೆ ಲಿಸ್ಟು. ಹೊಸಂಗಡಿಯ ಒಬ್ಬಳು ಹುಡುಗಿ ಕೆಲಸಗಳ ಪಟ್ಟಿ ಮಾಡುವ ಆ್ಯಪ್‌ಗೆ ಹೊಂದುತ್ತದೆ ಎಂದು ಆ ಪದ ಸೇರಿಸಿ ಹೆಸರು ಕಟ್ಟಿದ್ದಳು. ಮಲಯಾಳದಲ್ಲಿ ಅದು ನಾಯಿ. ತಮಿಳಿನವರು ಅದೇ ಇಂಗ್ಲಿಷ್ ಅಕ್ಷರಗಳನ್ನು ಅಜ್ಜಿ ಎಂದು ಓದಬಹುದು. ಪಕ್ಕದ ಮನೆಯವರನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು. ಸ್ಪ್ಯಾನಿಷ್, ಫ್ರೆಂಚ್, ಅರೇಬಿಕ್ ಅರ್ಥಗಳನ್ನೂ ಹುಡುಕಿ ನೋಡಿ. ಗಲ್ಫಿನಲ್ಲಿ ಇರುವ ನೆಂಟರಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದರೆ ಅರೇಬಿಕ್ ಕೆಲಸ ಮುಗಿಯಿತು.

ಟ್ರೇಡ್‌ಮಾರ್ಕ್ ಪರೀಕ್ಷೆ. ಡೊಮೈನ್ ಖಾಲಿ ಇದೆ ಎಂದರೆ ಹೆಸರು ಖಾಲಿ ಇದೆ ಎಂದಲ್ಲ. ಈ ಒಂದು ಮಾತು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರೇ ಜಾಸ್ತಿ. ಮೂರು ಕಡೆ ಹುಡುಕಿ: ಭಾರತದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಪಬ್ಲಿಕ್ ಸರ್ಚ್, ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ಸರ್ಚ್, ವೈಪೊ ಎಂಬ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್. ಮೂರೂ ಉಚಿತ. ನಮ್ಮ ದೇಶದ ತಾಣದಲ್ಲಿ ಫೊನೆಟಿಕ್ ಎಂಬ ಆಯ್ಕೆ ಇದೆ, ಅದನ್ನೂ ಒತ್ತಿ. ಒಂದೇ ರೀತಿ ಕೇಳಿಸುವ ಹೆಸರುಗಳು ಅಲ್ಲಿ ಸಿಗುತ್ತವೆ. ಟ್ರೇಡ್‌ಮಾರ್ಕಿನಲ್ಲಿ ಸರಕು, ಸೇವೆಗಳ 45 ವರ್ಗಗಳಿವೆ. ಸಾಫ್ಟ್‌ವೇರ್‌ನವರಿಗೆ 9 ಮತ್ತು 42 ಮುಖ್ಯ.

ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿದ್ದು, ಬಿಟ್ಟದ್ದು, ತಿರುಗಿಸಿದ್ದು ಏನನ್ನೂ ಮುಟ್ಟಬೇಡಿ. 1999ರಿಂದ ಯುಡಿಆರ್‌ಪಿ ಎಂಬ ದೂರಿನ ಕ್ರಮ ಇದೆ. ಹೆಸರು ತಮ್ಮ ಮಾರ್ಕನ್ನು ಹೋಲುತ್ತದೆ, ನಿಮಗೆ ಅದರ ಮೇಲೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತೆಗೆದು ಬಳಸಿದ್ದೀರಿ ಎಂದು ಕಂಪನಿ ತೋರಿಸಿದರೆ ಹೆಸರು ನಿಮ್ಮ ಕೈ ತಪ್ಪುತ್ತದೆ, ಒಂದು ಪೈಸೆಯೂ ಸಿಗುವುದಿಲ್ಲ. ಡಾಟ್ ಇನ್ ಹೆಸರುಗಳಿಗೆ ಐಎನ್‌ಡಿಆರ್‌ಪಿ ಎಂಬ ಇಂಥದ್ದೇ ಕ್ರಮ ನಮ್ಮ ದೇಶದಲ್ಲಿದೆ.

ಹಿಂದಿನ ಜಾತಕ. ಈಗ ಖಾಲಿ ಇರುವ ಹೆಸರು ಹಿಂದೆ ಯಾರದೋ ಆಗಿರಬಹುದು. ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ನಲ್ಲಿ ಹಾಕಿ ನೋಡಿ. ಜೂಜಿನ ತಾಣವೋ ಅಶ್ಲೀಲ ತಾಣವೋ ಆಗಿದ್ದರೆ ಬಿಟ್ಟುಬಿಡಿ. ಸ್ಪ್ಯಾಮ್ ಪಟ್ಟಿಯಲ್ಲಿ ಇದ್ದರೂ ಬಿಡಿ.

## ಹಂತ 6: ಈಗ ಕೊಳ್ಳಿ

ಒಂದೇ ರಿಜಿಸ್ಟ್ರಾರ್‌ನಲ್ಲಿ ಕೊಳ್ಳಿ, ಹೆಚ್ಚೆಂದರೆ ಎರಡು. ಮೊದಲ ವರ್ಷದ ಆಫರ್ ನೋಡಿ ಮರುಳಾಗಬೇಡಿ. ಎರಡನೇ ವರ್ಷದ ರಿನ್ಯೂವಲ್ ದರ ಎಷ್ಟು ಎಂದು ನೋಡಿ.

ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮದೇ ಖಾತೆಯಲ್ಲಿ ಕೊಳ್ಳಿ. ಕಾರ್ಡ್ ಇಲ್ಲ ಎಂದು ಪರಿಚಯದವರ ಖಾತೆಯಲ್ಲಿ ತೆಗೆಸುವ ರೂಢಿ ನಮ್ಮಲ್ಲಿ ಇದೆ. ನನ್ನ ಮೊದಲ ಮೂರು ಹೆಸರು ಹಾಗೆ ತೆಗೆಸಿದ್ದವು. ಆ ಪರಿಚಯದವರು ನಂಬರ್ ಬದಲಿಸಿದರು, ಇಮೇಲ್ ಮರೆತರು, ಮೂರೂ ಹೋದವು. ಕಾಗದದಲ್ಲಿ ಅವು ನನ್ನವಾಗಿರಲೇ ಇಲ್ಲ, ಹಾಗಾಗಿ ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ.

ಕೊಂಡ ತಕ್ಷಣ ಇಮೇಲ್ ಸರಿ ಇದೆಯೇ ಎಂದು ಖಚಿತಪಡಿಸಲು ಒಂದು ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ಹೆಸರು ಸಸ್ಪೆಂಡ್ ಆಗಬಹುದು. ಸ್ಪ್ಯಾಮ್ ಪೆಟ್ಟಿಗೆಯಲ್ಲೂ ಹುಡುಕಿ. ಖಾತೆಗೆ ಎರಡು ಹಂತದ ಲಾಗಿನ್ ಇಡಿ. ಎಸ್ಸೆಮ್ಮೆಸ್ ಓಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲದಾಗಲೂ ಅದು ನಡೆಯುತ್ತದೆ.

ಒಂದು ಶೀಟ್ ಮಾಡಿ. ಹೆಸರು, ಕೊಂಡ ದಿನ, ಕೊಟ್ಟ ಬೆಲೆ, ಮುಗಿಯುವ ದಿನ, ಎಲ್ಲಿ ಲಿಸ್ಟ್ ಮಾಡಿದ್ದೇನೆ, ಇಷ್ಟು ಕಾಲಂ ಸಾಕು. ಬಿಲ್ಲುಗಳನ್ನು ಒಂದು ಫೋಲ್ಡರ್‌ನಲ್ಲಿ ಇಡಿ.

ಆಟೋ ರಿನ್ಯೂವಲ್ ನಂಬಿ ಕೂರಬೇಡಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಇದೆ. ಹೊರದೇಶದ ರಿಜಿಸ್ಟ್ರಾರ್‌ಗಳ ಕಡಿತ ಎಷ್ಟೋ ಸಲ ಫೇಲ್ ಆಗುತ್ತದೆ. ಮುಗಿಯುವ ದಿನಕ್ಕೆ ಒಂದು ತಿಂಗಳು ಮೊದಲೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ತಪ್ಪಿಹೋದರೆ ಸ್ವಲ್ಪ ದಿನದ ಅವಕಾಶ ಇರುತ್ತದೆ. ಆಮೇಲೆ 30 ದಿನದ ರಿಡೆಂಪ್ಶನ್ ಅವಧಿ ಬರುತ್ತದೆ. ಆಗ ಹೆಸರು ಬಿಡಿಸಿಕೊಳ್ಳಲು ದೊಡ್ಡ ದಂಡ ಕಟ್ಟಬೇಕು. ಅದೂ ಕಳೆದರೆ 5 ದಿನದಲ್ಲಿ ಹೆಸರು ಬಿಡುಗಡೆ, ಯಾರು ಬೇಕಾದರೂ ಕೊಳ್ಳಬಹುದು.

## ಹಂತ 7: ಕಳಿಸಿ, ಲಿಸ್ಟ್ ಮಾಡಿ

ಕೊಂಡ ಹತ್ತು ಹೆಸರನ್ನೂ ಮಾರ್ಕೆಟ್‌ಪ್ಲೇಸ್‌ಗೆ ಒಟ್ಟಿಗೆ ಕಳಿಸಬೇಡಿ. ಮೂರು ಕಳಿಸಿ ಉತ್ತರ ಬರುವ ತನಕ ಕಾಯಿರಿ. ರಿಜೆಕ್ಟ್ ಆದರೆ ಕಾರಣ ಹೇಳುವುದು ಅಪರೂಪ. ಜಗಳ ಆಡಬೇಡಿ, ಅದೇ ಹೆಸರನ್ನು ಮತ್ತೆ ಮತ್ತೆ ಕಳಿಸಬೇಡಿ. ಒಂದು ಕಡೆ ಬೇಡ ಎಂದದ್ದನ್ನು ಇನ್ನೊಂದು ಕಡೆ ತೆಗೆದುಕೊಳ್ಳುವುದುಂಟು.

ಸ್ವೀಕಾರವಾದರೆ ಹೆಸರು ನಿಮ್ಮದೇ ಎಂದು ತೋರಿಸಬೇಕು. ನೇಮ್‌ಸರ್ವರ್ (ಹೆಸರು ಯಾವ ಕಡೆಗೆ ಹೋಗಬೇಕೆಂದು ಹೇಳುವ ಸರ್ವರ್) ಬದಲಿಸಲು ಹೇಳುತ್ತಾರೆ, ಇಲ್ಲವೇ ಡಿಎನ್‌ಎಸ್‌ನಲ್ಲಿ (ಹೆಸರಿನ ವಿಳಾಸ ಪಟ್ಟಿ) ಅವರು ಕೊಟ್ಟ ಗುರುತಿನ ಒಂದು ಟಿಎಕ್ಸ್‌ಟಿ ಸಾಲು ಸೇರಿಸಲು ಹೇಳುತ್ತಾರೆ. ರಿಜಿಸ್ಟ್ರಾರ್ ಖಾತೆಯಲ್ಲಿ ಐದು ನಿಮಿಷದ ಕೆಲಸ, ಆದರೆ ಕಾಣಿಸಲು ಒಂದೆರಡು ದಿನ ಹಿಡಿಯಬಹುದು. ಕಾಣಲಿಲ್ಲ ಎಂದು ಗಂಟೆಗೊಮ್ಮೆ ಬದಲಿಸಿದರೆ ಇನ್ನಷ್ಟು ತಡ.

ವಿವರಣೆ ಬರೆಯುವಾಗ “ತುಂಬಾ ಒಳ್ಳೆಯ ಹೆಸರು, ಬೇಗ ಕೊಳ್ಳಿ” ಎಂದು ಬರೆಯಬೇಡಿ. ಯಾವ ಕೆಲಸದವರಿಗೆ ಹೊಂದುತ್ತದೆ, ಕೇಳಿದಾಗ ಮನಸ್ಸಿಗೆ ಏನು ಬರುತ್ತದೆ ಎಂದು ಬರೆಯಿರಿ. ಸುರಂಗ ಎಂಬ ಹೆಸರಿದ್ದರೆ ನಾನು ಹೀಗೆ ಬರೆಯುತ್ತೇನೆ: ಬೆಟ್ಟದೊಳಗೆ ಕೊರೆದ ದಾರಿ, ಅದರ ತುದಿಯಲ್ಲಿ ತಣ್ಣನೆಯ ನೀರು, ಡೇಟಾ ಅಗೆದು ಕೆಲಸಕ್ಕೆ ಬರುವುದನ್ನು ತೆಗೆಯುವ ಕಂಪನಿಗೆ, ನೀರಿನ ತಂತ್ರಜ್ಞಾನದವರಿಗೆ ಒಪ್ಪುವ ಹೆಸರು. ಮೂರು ಸಾಲು ಸಾಕು. ಇಂಗ್ಲಿಷ್ ವ್ಯಾಕರಣ ಯಾರಾದರೂ ಒಬ್ಬರಿಗೆ ತೋರಿಸಿ.

ಎಚ್ಚರಿಕೆ ಒಂದು: ಬೇರೆ ಕಡೆ ಹಾಕಬಾರದು ಎಂಬ ನಿಯಮ ಇದ್ದರೆ ಹಾಕಲೇಬೇಡಿ. ಎರಡು ಕಡೆ “ಈಗಲೇ ಕೊಳ್ಳಿ” ಬೆಲೆ ಹಾಕಿ, ಎರಡೂ ಕಡೆ ಒಂದೇ ದಿನ ಮಾರಾಟವಾದರೆ ಒಬ್ಬರಿಗೆ ಕೊಟ್ಟ ಮಾತು ಮುರಿಯಬೇಕು. ಖಾತೆಯೂ ಹೋಗುತ್ತದೆ.

## ಹಂತ 8: ಬೆಲೆ ಮತ್ತು ಚೌಕಾಸಿ

ಬೇರೆಯವರು ಕೇಳುತ್ತಿರುವ ಬೆಲೆ ನೋಡಿ ನಿಮ್ಮ ಬೆಲೆ ಇಡಬೇಡಿ. ಮಾರಾಟವಾದ ಬೆಲೆ ನೋಡಿ. ನೇಮ್‌ಬಯೊ ತಾಣದಲ್ಲಿ ಹಳೆಯ ಮಾರಾಟಗಳ ದಾಖಲೆ ಇದೆ. ನಿಮ್ಮ ಹೆಸರಿನಷ್ಟೇ ಉದ್ದದ, ಅದೇ ರಚನೆಯ ಹತ್ತು ಹೆಸರು ಹುಡುಕಿ ನಡುವಿನದನ್ನು ಹಿಡಿಯಿರಿ. ಆಮೇಲೆ ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಒಂದು ಅಂಕಿ ಶೀಟ್‌ನಲ್ಲಿ ಬರೆದಿಡಿ. ರಾತ್ರಿ ಹನ್ನೊಂದಕ್ಕೆ ಆಫರ್ ಬಂದಾಗ ಮನಸ್ಸು ಹೆದರುತ್ತದೆ, ಆ ಅಂಕಿ ಕೈ ಹಿಡಿಯುತ್ತದೆ.

ಅಮೆರಿಕದ ಪೂರ್ವ ತೀರದಲ್ಲಿ ಬೆಳಗ್ಗೆ 9 ಗಂಟೆ ಎಂದರೆ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಹಾಗಾಗಿ ರಾತ್ರಿ ಊಟಕ್ಕೆ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ ಇಮೇಲ್ ನೋಡುವ ಅಭ್ಯಾಸ ಮಾಡಿ. ಉತ್ತರ ಚಿಕ್ಕದಿರಲಿ. ಮನೆಯ ಕಷ್ಟ, ತುರ್ತು ಯಾವುದನ್ನೂ ಬರೆಯಬೇಡಿ.

## ಹಂತ 9: ಹೆಸರು ಕೊಡುವುದು, ಹಣ ಪಡೆಯುವುದು

ಕ್ರಮ ಒಂದೇ. ಹಣ ಮಾರ್ಕೆಟ್‌ಪ್ಲೇಸ್ ಅಥವಾ ಎಸ್ಕ್ರೋದವರ (ವ್ಯವಹಾರ ಮುಗಿಯುವ ತನಕ ಹಣ ಹಿಡಿದಿಡುವ ಮಧ್ಯಸ್ಥರ) ಕೈಗೆ ಬಂದಿದೆ ಎಂದು ನಿಮ್ಮ ಖಾತೆಗೆ ಲಾಗಿನ್ ಆಗಿ ನೋಡಿ. ಇಮೇಲ್ ಬಂದರೆ ಸಾಲದು. ಆಮೇಲೆ ರಿಜಿಸ್ಟ್ರಾರ್‌ನಲ್ಲಿ ಟ್ರಾನ್ಸ್‌ಫರ್ ಲಾಕ್ (ಹೆಸರು ಬೇರೆ ಕಡೆಗೆ ಹೋಗದ ಹಾಗೆ ತಡೆಯುವ ಬೀಗ) ತೆಗೆಯಿರಿ. ಆಮೇಲೆ ಆಥ್ ಕೋಡ್ ತೆಗೆದು, ಮಾರ್ಕೆಟ್‌ಪ್ಲೇಸ್ ಹೇಳಿದ ಜಾಗದಲ್ಲಿ ಮಾತ್ರ ಹಾಕಿ. ಆಥ್ ಕೋಡ್ ಅಂದರೆ ಮನೆಯ ಬೀಗದ ಕೈ. ಅದನ್ನು ಕೊಳ್ಳುವವರಿಗೆ ನೇರವಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಮಾತೇ ಇಲ್ಲ.

ಹೊಸದಾಗಿ ಕೊಂಡ ಡಾಟ್ ಕಾಮ್ ಅನ್ನು 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಆಗುವುದಿಲ್ಲ. ಮಾಲೀಕರ ಹೆಸರು, ಇಮೇಲ್ ಬದಲಿಸಿದರೂ 60 ದಿನದ ಲಾಕ್ ಬೀಳಬಹುದು. ಮಾರಾಟವಾದ ಖುಷಿಯಲ್ಲಿ “ಇಮೇಲ್ ಹಳೆಯದಿದೆ, ಸರಿ ಮಾಡೋಣ” ಎಂದು ಕೈ ಹಾಕಬೇಡಿ! ಲಾಕ್ ಇದ್ದರೂ ಒಂದೇ ರಿಜಿಸ್ಟ್ರಾರ್‌ನೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಲು ಸಾಮಾನ್ಯವಾಗಿ ಆಗುತ್ತದೆ. ಅದನ್ನು ಪುಶ್ ಎನ್ನುತ್ತಾರೆ. ಬೇರೆ ರಿಜಿಸ್ಟ್ರಾರ್‌ಗಾದರೆ ಐದಾರು ದಿನ ಹಿಡಿಯುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಆಟಿ ತಿಂಗಳಲ್ಲಿ ಒಂದು ಹೆಸರು ಮಾರಾಟವಾಯಿತು. ಆ ರಾತ್ರಿ ಗಾಳಿಮಳೆಗೆ ತೋಟದ ಬದಿಯ ಕಂಬ ಬಿತ್ತು. ಮೂರು ದಿನ ಕರೆಂಟಿಲ್ಲ, ಟವರಿಲ್ಲ. ನಾಲ್ಕನೇ ದಿನ ಕುಂಬಳೆಗೆ ಹೋಗಿ ಫೋನ್ ಚಾರ್ಜ್ ಮಾಡಿ ನೋಡುತ್ತೇನೆ, ಲಾಕ್ ತೆಗೆಯಿರಿ ಎಂದು ಮೂರು ಇಮೇಲ್, ಕೊನೆಯದರಲ್ಲಿ ಇವತ್ತು ಸಂಜೆಯೊಳಗೆ ಎಂದು. ಬಸ್‌ಸ್ಟ್ಯಾಂಡಿನಲ್ಲೇ ನಿಂತು ಮಾಡಿದೆ. ಅಂದಿನಿಂದ ಮಳೆಗಾಲಕ್ಕೆ ಮೊದಲು ಪವರ್ ಬ್ಯಾಂಕ್ ಚಾರ್ಜ್ ಮಾಡಿಡುತ್ತೇನೆ. ಮಂಗಳೂರಿನಲ್ಲಿರುವ ತಂಗಿಗೆ ಮಾರ್ಕೆಟ್‌ಪ್ಲೇಸ್‌ನ ಇಮೇಲ್ ಫಾರ್ವರ್ಡ್ ಆಗುವ ಹಾಗೆ ಮಾಡಿದ್ದೇನೆ. ಪಾಸ್‌ವರ್ಡ್ ಅಲ್ಲ, ಇಮೇಲ್ ಮಾತ್ರ.

ಹಣ ಬ್ಯಾಂಕಿಗೆ ಬಂದ ಮೇಲೆ ಹೊರದೇಶದಿಂದ ಬಂದದ್ದಕ್ಕೆ ಫೈರಾ ಎಂಬ ಪತ್ರ ಕೇಳಿ ತೆಗೆದಿಡಿ. ಇದು ಆದಾಯವೇ. ಐಟಿ ರಿಟರ್ನ್‌ನಲ್ಲಿ ತೋರಿಸಲೇಬೇಕು. ಶೀಟ್, ಬಿಲ್ಲು, ಫೈರಾ ಮೂರನ್ನೂ ಹಿಡಿದುಕೊಂಡು ಸಿಎ ಹತ್ತಿರ ಹೋದರೆ ಅವರ ಕೆಲಸ ಹಗುರ, ನಿಮ್ಮ ಖರ್ಚುಗಳೂ ಲೆಕ್ಕಕ್ಕೆ ಬರುತ್ತವೆ.

### ಈ ಲಕ್ಷಣ ಕಂಡರೆ ನಿಲ್ಲಿ

ಒಬ್ಬರು ಇಮೇಲ್ ಮಾಡಿ 10,000 ಡಾಲರ್ ಕೊಡುತ್ತೇನೆ ಎನ್ನುತ್ತಾರೆ. ಆದರೆ ಮೊದಲು ಹೆಸರಿನ ಬೆಲೆಗೆ ಒಂದು ಸರ್ಟಿಫಿಕೇಟ್ ಮಾಡಿಸಿ, ಇಂಥ ತಾಣದಲ್ಲೇ ಮಾಡಿಸಿ ಎನ್ನುತ್ತಾರೆ. ಸರ್ಟಿಫಿಕೇಟಿನ ಶುಲ್ಕ ಕಟ್ಟಿದ ಮೇಲೆ ಆ ಮನುಷ್ಯ ಸಿಗುವುದಿಲ್ಲ. ಆ ತಾಣವೂ ಅವನದೇ. ನಿಜವಾಗಿ ಕೊಳ್ಳುವವರು ಸರ್ಟಿಫಿಕೇಟ್ ಕೇಳುವುದಿಲ್ಲ.

“ನಿಮ್ಮ ಹೆಸರನ್ನು ಚೀನಾದಲ್ಲಿ ಇನ್ನೊಂದು ಕಂಪನಿ ತೆಗೆಯಲು ಬಂದಿದೆ, ತಕ್ಷಣ ನೀವೇ ಕೊಳ್ಳಿ” ಎಂಬ ಇಮೇಲ್ ಕೂಡ ಮೋಸವೇ. ಕೊಳ್ಳುವವರೇ ಸೂಚಿಸುವ, ಕೇಳಿಯೇ ಇರದ ಎಸ್ಕ್ರೋ ತಾಣ, ಹೆಚ್ಚು ಹಣ ಕಳಿಸಿದೆ ಉಳಿದದ್ದು ವಾಪಸ್ ಕೊಡಿ ಎನ್ನುವ ಮಾತು, ಮಾರ್ಕೆಟ್‌ಪ್ಲೇಸ್ ಬಿಟ್ಟು ನೇರ ವ್ಯವಹಾರ ಮಾಡೋಣ ಎನ್ನುವುದು, ಎಲ್ಲ ಅದೇ ಜಾತಿ. ರಿಜಿಸ್ಟ್ರಾರ್ ಹೆಸರಲ್ಲಿ ಬರುವ ರಿನ್ಯೂವಲ್ ಇಮೇಲ್‌ನ ಲಿಂಕ್ ಒತ್ತಬೇಡಿ. ವಿಳಾಸವನ್ನು ಕೈಯಿಂದ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ಹಣ ಹೋಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

## ಹಂತ 10: ವರ್ಷಕ್ಕೊಮ್ಮೆ ಮತ್ತೆ ಹೆಕ್ಕಿ

ರಿನ್ಯೂವಲ್‌ಗೆ ಎರಡು ತಿಂಗಳು ಇರುವಾಗ ಶೀಟ್ ತೆರೆಯಿರಿ. ಪ್ರತಿ ಹೆಸರಿಗೆ ಎಷ್ಟು ಜನ ಬಂದು ನೋಡಿದರು, ಯಾರಾದರೂ ವಿಚಾರಿಸಿದರೇ ಎಂದು ಮಾರ್ಕೆಟ್‌ಪ್ಲೇಸ್ ತೋರಿಸುತ್ತದೆ. ಒಂದು ವಿಚಾರಣೆ ಬಂದ ಹೆಸರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಿ. ಎರಡು ವರ್ಷ ಯಾರೂ ತಿರುಗಿ ನೋಡದಿದ್ದರೆ ಮತ್ತೊಮ್ಮೆ ಐದು ಜನರಿಗೆ ಹೇಳಿ ಬರೆಸಿ ನೋಡಿ. ಮೂವರು ತಪ್ಪು ಬರೆದರೆ ಬಿಟ್ಟುಬಿಡಿ.

ಬಿಡುವುದು ಕಷ್ಟ. ನಾವೇ ಹುಟ್ಟಿಸಿದ ಹೆಸರು ತಾನೇ. ಹೋದ ವರ್ಷ ನಾನು 22ರಲ್ಲಿ 9 ಬಿಟ್ಟೆ. ಉಳಿದ ದುಡ್ಡಿನಲ್ಲಿ ಮೂರು ಹೊಸದು ತೆಗೆದೆ. ಅವುಗಳ 60 ದಿನದ ಲಾಕ್ ಮುಗಿಯುವ ತಾರೀಕು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೆ, ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕದಲ್ಲೇ.